ರೇಸ್ ರೆಪ್ಲಿಕಾ ಬೈಕ್: ಚಿನ್ನ ಎಷ್ಟು, ಮಜೂರಿ ಎಷ್ಟು?

ಚಿನ್ನದಂಗಡಿಯಲ್ಲಿ ಬಳೆ ಕೊಳ್ಳುವಾಗ ತೂಕ ಎಷ್ಟು, ಮಜೂರಿ ಎಷ್ಟು, ವೇಸ್ಟೇಜ್ ಎಷ್ಟು ಎಂದು ಬಿಡಿಸಿ ಕೇಳದೆ ಯಾರೂ ಹಣ ಎಣಿಸುವುದಿಲ್ಲ. ಅದೇ ಜನ ಚಾಂಪಿಯನ್ ಸವಾರನ ಸಹಿ ಇರುವ ರೇಸ್ ರೆಪ್ಲಿಕಾ ಬೈಕಿನ ಮುಂದೆ ನಿಂತಾಗ ಮಾತ್ರ ಒಟ್ಟು ಬೆಲೆ ಕೇಳಿ ಸುಮ್ಮನಾಗುತ್ತಾರೆ. ಮಾಮೂಲಿ ಮಾದರಿಗಿಂತ ಹೆಚ್ಚಿಗೆ ಕೊಡುವ ಹಣ ಲೋಹಕ್ಕೆ ಹೋಯಿತೋ, ಬಣ್ಣಕ್ಕೋ, ತೆರಿಗೆಗೋ ಎಂದು ಬಿಡಿಸಿ ನೋಡಿದರೆ ಅದು ಬೆಲೆಗೆ ತಕ್ಕದ್ದೇ ಅಲ್ಲವೇ ಎಂಬುದು ತಿಳಿಯುತ್ತದೆ. ಬಿಡಿಸುವ ಕ್ರಮ ಹೀಗೆ.

ಹೆಜ್ಜೆ 1: ಯಾವ ಬಗೆಯದು, ಗುರುತಿಸಿ

‘ರೆಪ್ಲಿಕಾ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಮೊದಲನೆಯದು ಬರೀ ಬಣ್ಣ: ರೇಸ್ ತಂಡದ ಸ್ಟಿಕ್ಕರ್, ಪ್ರಾಯೋಜಕರ ಹೆಸರು, ಒಳಗೆ ಅದೇ ಬೈಕು. ಎರಡನೆಯದು ರೇಸಿನ ನಿಯಮಕ್ಕಾಗಿ ಹುಟ್ಟಿದ್ದು. ವಿಶ್ವ ಸೂಪರ್‌ಬೈಕ್ ಸ್ಪರ್ಧೆಯಲ್ಲಿ ಓಡಿಸುವ ಬೈಕನ್ನು ಕಂಪನಿ ಇಂತಿಷ್ಟು ಸಂಖ್ಯೆಯಲ್ಲಿ ತಯಾರಿಸಿ ಸಾರ್ವಜನಿಕರಿಗೂ ಮಾರಬೇಕು. ಹಾಗೆ ಬಂದವು ಹೋಂಡಾ ಆರ್‌ಸಿ30, ಡುಕಾಟಿ ಪಾನಿಗಾಲೆ ವಿ4 ಆರ್. ಮೂರನೆಯದು ಕಂಪನಿಯ ಕೈಚಳಕದ ಪ್ರದರ್ಶನ. ಮೋಟೊಜಿಪಿ ಬೈಕನ್ನೇ ರಸ್ತೆಗಿಳಿಸಿದಂತಿದ್ದ ಡುಕಾಟಿ ಡೆಸ್ಮೊಸೆಡಿಚಿ ಆರ್‌ಆರ್ (1,500 ಬೈಕು), ಕಾರ್ಬನ್ ಫೈಬರ್ ಚೌಕಟ್ಟಿನ ಸೂಪರ್‌ಲೆಜ್ಜೆರಾ ವಿ4 (500) ಈ ಸಾಲಿನವು.

ಹ್ಯಾಂಡಲ್ ಬಳಿ ನಂಬರ್ ಕೆತ್ತಿದ ಮಾತ್ರಕ್ಕೆ ಅದು ಸೀಮಿತ ಆವೃತ್ತಿ ಎಂದುಕೊಳ್ಳಬೇಡಿ. ‘ಒಟ್ಟು ಎಷ್ಟು’ ಎಂದು ಕೇಳಿ, ಲಿಖಿತವಾಗಿ ತೆಗೆದುಕೊಳ್ಳಿ.

ಹೆಜ್ಜೆ 2: ಮಾಮೂಲಿ ಅಣ್ಣನ ಪಕ್ಕ ನಿಲ್ಲಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಪಾನಿಗಾಲೆ ವಿ4 ಆರ್ 2023ರಲ್ಲಿ ಭಾರತಕ್ಕೆ ಬಂದಾಗ ಎಕ್ಸ್-ಶೋರೂಂ ಬೆಲೆ 69.99 ಲಕ್ಷ ರೂಪಾಯಿ. ಅದೇ ಮನೆತನದ ವಿ4 ಎಸ್ ಆಗ ಸುಮಾರು ಅರ್ಧ ಬೆಲೆಗೆ ಸಿಗುತ್ತಿತ್ತು. ದುಬಾರಿಯದ್ದೇ ರಸ್ತೆಯಲ್ಲೂ ಮೇಲು ಎನ್ನುವಿರಾ? ರೇಸ್ ನಿಯಮ ನಾಲ್ಕು ಸಿಲಿಂಡರಿನ ಬೈಕಿಗೆ 1,000 ಸಿಸಿ ಮಿತಿ ಹಾಕಿರುವುದರಿಂದ ಆರ್ ಎಂಜಿನ್ 998 ಸಿಸಿ; ಎಸ್ ಎಂಜಿನ್‌ಗೆ ಆ ಕಟ್ಟಿಲ್ಲ, 1,103 ಸಿಸಿ. ಆಗಿನ ಎಸ್ ಬೈಕು 9,500 ಆರ್‌ಪಿಎಂನಲ್ಲೇ ಸುಮಾರು 124 ಎನ್‌ಎಂ ಟಾರ್ಕ್ ಕೊಡುತ್ತಿದ್ದರೆ ಆರ್ ಬೈಕಿನಿಂದ 12,000ಕ್ಕೆ ಏರಿಸಿದರೂ ಬರುತ್ತಿದ್ದುದು ಸುಮಾರು 111. ಆರ್ ತನ್ನ ನಿಜರೂಪ ತೋರಿಸುವುದು 15,000 ದಾಟಿದ ಮೇಲೆ. ಆ ಅಂಕಿಯನ್ನು ತುಮಕೂರು ರಸ್ತೆಯಲ್ಲಿ ನೋಡಲು ಹೊರಟವರು ಬೈಕ್ ಲೇಖನ ಓದುವ ಮೊದಲು ಬೇರೆ ಯಾರನ್ನಾದರೂ ಕಾಣುವುದು ಲೇಸು.

ಇನ್ನೂ ವಿಚಿತ್ರ ಹೋಂಡಾ ಆರ್‌ಸಿ213ವಿ-ಎಸ್. 2015ರಲ್ಲಿ ಯುರೋಪಿನಲ್ಲಿ ಅದರ ಬೆಲೆ 1,88,000 ಯುರೋ. ಕುಮಾಮೊಟೊ ಕಾರ್ಖಾನೆಯಲ್ಲಿ ಕೈಯಿಂದ ಜೋಡಿಸಿದ ಈ ಬೈಕು ರಸ್ತೆಗೆ ಬಂದಾಗ ಕೊಡುತ್ತಿದ್ದುದು 159 ಅಶ್ವಶಕ್ತಿ. ಅದರ ಹತ್ತನೇ ಒಂದು ಬೆಲೆಯ ಲೀಟರ್ ಬೈಕುಗಳೇ ಆಗ 200ರ ಹತ್ತಿರ ಇದ್ದವು. 215ಕ್ಕೆ ಏರಿಸಬೇಕೆಂದರೆ ಸುಮಾರು 12,000 ಯುರೋ ಕೊಟ್ಟು ಬೇರೊಂದು ಕಿಟ್ ಕೊಳ್ಳಬೇಕಿತ್ತು, ಹಾಕಿದ ಮೇಲೆ ಬೈಕು ಟ್ರ್ಯಾಕಿಗಷ್ಟೇ ಮೀಸಲು. ಅಲ್ಲಿ ಹಣ ಹೋದದ್ದು ಮೋಟೊಜಿಪಿ ಬೈಕಿನಂಥ ಹಗುರ ಮೈಗೆ, ನಿಖರ ಜೋಡಣೆಗೆ. ಅದನ್ನು ಅನುಭವಿಸಬಲ್ಲ ಕೈ ನಿಮ್ಮದಾದರೆ ಸರಿ.

ಒಂದು ಹಾಳೆಯಲ್ಲಿ ಎರಡು ಬೈಕುಗಳ ವ್ಯತ್ಯಾಸ ಬರೆಯಿರಿ: ಸಸ್ಪೆನ್ಷನ್, ಚಕ್ರ, ಬ್ರೇಕ್, ಎಕ್ಸಾಸ್ಟ್, ಎಂಜಿನ್ ಒಳಭಾಗ. ಎಂಜಿನ್ ಒಳಭಾಗ ಬಿಟ್ಟು ಪ್ರತಿಯೊಂದನ್ನೂ ಮಾಮೂಲಿ ಬೈಕಿಗೆ ಹೊರಗಿನಿಂದ ಹಾಕಿಸಿದರೆ ಎಷ್ಟಾದೀತು ಎಂದು ಕೇಳಿ ಬರೆದು ಕೂಡಿ. ಬೆಲೆಯ ಅಂತರದಲ್ಲಿ ಮಿಕ್ಕಿದ್ದೇ ಮಜೂರಿ. ಅದರಲ್ಲಿ, ನನ್ನ ಲೆಕ್ಕದಲ್ಲಿ, ಎಂಜಿನ್ ಒಳಗಿನ ಬದಲಾವಣೆಗೆ, ಚೌಕಟ್ಟಿಗೆ ಕೊಡುವ ಹಣ ನ್ಯಾಯ, ಏಕೆಂದರೆ ಅವನ್ನು ಆಮೇಲೆ ಹಾಕಿಸಿಕೊಳ್ಳಲು ಬರುವುದಿಲ್ಲ. ಬಣ್ಣ, ಸಹಿಗೆ ಲಕ್ಷಗಟ್ಟಲೆ ಕೊಡುವುದು ಶೋಕಿ; ಶೋಕಿ ತಪ್ಪಲ್ಲ, ಆದರೆ ಅದನ್ನು ತಂತ್ರಜ್ಞಾನ ಎಂದು ಮನೆಯವರಿಗೆ ಹೇಳಬಾರದು.

ಬೆಲೆ ಬಿಡಿಸಿ ಹೇಳುವ ಒಳ್ಳೆಯ ಮಾದರಿ ನಮ್ಮ ಪಕ್ಕದ ಹೊಸೂರಿನ ಟಿವಿಎಸ್‌ನದೇ ಇದೆ. ಅಪಾಚೆ ಆರ್‌ಆರ್ 310 ಬೈಕಿಗೆ 2021ರಲ್ಲಿ ಬೇಕಾದ್ದನ್ನು ಆರಿಸಿ ಕಟ್ಟಿಸಿಕೊಳ್ಳುವ ಯೋಜನೆ ತಂದಾಗ ಸಸ್ಪೆನ್ಷನ್ ಹೊಂದಿಸಿಕೊಳ್ಳಬಹುದಾದ ಡೈನಾಮಿಕ್ ಕಿಟ್‌ಗೆ 12,000, ರೇಸ್ ಭಂಗಿಯ ಹ್ಯಾಂಡಲ್ ಮತ್ತು ಫುಟ್‌ಪೆಗ್ ಕೊಡುವ ರೇಸ್ ಕಿಟ್‌ಗೆ 5,000, ರೇಸ್ ರೆಪ್ಲಿಕಾ ಬಣ್ಣಕ್ಕೆ 4,500 ರೂಪಾಯಿ ಎಂದು ಬೇರೆ ಬೇರೆ ಇಟ್ಟಿತ್ತು. ಕೈ ಬಿಗಿ ಇದ್ದವರು ಮೊದಲನೆಯದನ್ನು ತೆಗೆದುಕೊಂಡು ಮೂರನೆಯದನ್ನು ಬಿಡಬಹುದಿತ್ತು.

ಹೆಜ್ಜೆ 3: ತೆರಿಗೆಯನ್ನು ಪ್ರತ್ಯೇಕ ಬರೆಯಿರಿ

ಪೂರ್ತಿ ತಯಾರಾಗಿ ಆಮದಾಗುವ 1,600 ಸಿಸಿವರೆಗಿನ ಬೈಕಿಗೆ 2025ರ ಬಜೆಟ್ ಸುಂಕವನ್ನು ಶೇ 50ರಿಂದ 40ಕ್ಕೆ ಇಳಿಸಿತು. 350 ಸಿಸಿ ಮೀರಿದ ಬೈಕಿಗೆ ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ದ್ವಿಚಕ್ರಕ್ಕೆ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. ಒಂದರ ಮೇಲೊಂದು ಬೀಳುವುದರಿಂದ ಬಂದರಿನಲ್ಲಿ 100 ರೂಪಾಯಿಯದ್ದು ಸುಂಕ ಸೇರಿ 140, ಜಿಎಸ್‌ಟಿ ಸೇರಿ 196, ನೋಂದಣಿ ಮುಗಿಯುವಾಗ ಸುಮಾರು 231. ಸೆಸ್, ಡೀಲರ್ ಲಾಭ ಇದರಲ್ಲಿ ಸೇರಿಲ್ಲ. ದರಗಳು ಬದಲಾಗುತ್ತಿರುತ್ತವೆ, ಬುಕ್ ಮಾಡುವ ದಿನದ್ದನ್ನು ಕೇಳಿಕೊಳ್ಳಿ.

‘ಇದು ಇನ್ವೆಸ್ಟ್‌ಮೆಂಟ್ ಸಾರ್’ ಎಂಬ ಮಾತಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ವಿದೇಶದ ಸಂಗ್ರಾಹಕ 100 ಕೊಟ್ಟು ಕೊಂಡದ್ದು 150 ಆದರೆ ಅವನಿಗೆ ಲಾಭ. ನಮ್ಮವರಿಗೆ 231 ದಾಟುವವರೆಗೂ ನಷ್ಟ. ಬೆಲೆ ಏರಿದ ಬೈಕುಗಳೂ ಉಂಟು. 1987ರ ಆರ್‌ಸಿ30 ಸ್ಪರ್ಧೆಯ ಮೊದಲ ಎರಡು ವರ್ಷ, 1988 ಮತ್ತು 89ರಲ್ಲಿ, ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದಿತು. ಫ್ರೆಡ್ ಮೆರ್ಕೆಲ್ ಅದರ ಸವಾರ. ಅದು ಏರಿದ್ದು ಗೆದ್ದ ಎಂಜಿನ್ನೇ ಗಿರಾಕಿಯ ಕೈಗೆ ಬಂದದ್ದರಿಂದ, ಬೀಳದೆ ಉಳಿದವು ಕಡಿಮೆಯಾದ್ದರಿಂದ.

ಹೆಜ್ಜೆ 4: ಸವೆಯುವ ಭಾಗಗಳ ಬೆಲೆ ಕೇಳಿ

ಬಿಎಂಡಬ್ಲ್ಯು ಎಚ್‌ಪಿ4 ರೇಸ್ ಟ್ರ್ಯಾಕಿಗಷ್ಟೇ ಮಾಡಿದ ಬೈಕು; 750 ಮಾತ್ರ ತಯಾರಾದವು. ಅದರ ಎಂಜಿನ್ ಆಯುಷ್ಯ 5,000 ಕಿಲೋಮೀಟರ್, ಆಮೇಲೆ ಎಂಜಿನ್ ಕೆಲಸ ಮಾಡಿಸಲೇಬೇಕು. ಡೆಸ್ಮೊಸೆಡಿಚಿಗೆ ಅದಕ್ಕೆಂದೇ ಮಾಡಿದ 16 ಇಂಚಿನ ಹಿಂದಿನ ಟೈರ್. ಅದು ಸಿಗದಾದಾಗ 17 ಇಂಚಿನ ಚಕ್ರ ಹಾಕಿಸಿಕೊಂಡವರುಂಟು. ಇಂಥದನ್ನು ಮೊದಲೇ ಕೇಳಬೇಕು. ಸರ್ವಿಸ್ ಸೆಂಟರಿನಲ್ಲಿ ಮೂರು ಸಾಮಾನುಗಳ ಬೆಲೆ, ಬರಲು ಹಿಡಿಯುವ ದಿನ ಬರೆಸಿಕೊಳ್ಳಿ: ಎಡಭಾಗದ ಫೇರಿಂಗ್ (ಅದೇ ಬಣ್ಣದ್ದು), ಕ್ಲಚ್ ಲಿವರ್, ಹಿಂದಿನ ಚಕ್ರ. ನಿಂತಲ್ಲೇ ಉರುಳಿದರೂ ಮೊದಲು ಹೋಗುವುದು ಫೇರಿಂಗ್.

ವಿಮೆ ಇನ್ನೊಂದು ಬಲೆ. ವಿಮಾ ಕಂಪನಿಯ ಸವಕಳಿ ಪಟ್ಟಿಗೆ ಸಹಿ, ನಂಬರ್ ಗೊತ್ತಿಲ್ಲ: ಎರಡನೇ ವರ್ಷ ಶೇ 20, ಐದನೇ ವರ್ಷ ಶೇ 50 ಕಡಿತ. 70 ಲಕ್ಷದ ಬೈಕು ಐದನೇ ವರ್ಷ ಕಳುವಾದರೆ ಕೈಗೆ ಬರುವುದು ಸುಮಾರು 35. ಬಿಲ್ಲಿನ ಪೂರ್ತಿ ಬೆಲೆ ಕೊಡುವ ‘ರಿಟರ್ನ್ ಟು ಇನ್‌ವಾಯ್ಸ್’ ಸೌಲಭ್ಯ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ ಸೇರಿಸಿಕೊಳ್ಳಿ.

ಹೆಜ್ಜೆ 5: ಎಲ್ಲಿ ಓಡಿಸುತ್ತೀರಿ?

ವರ್ಷಕ್ಕೆ ಕೆಲವು ಸಲವಾದರೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವವರಿಗೆ ರೇಸಿನ ನಿಯಮಕ್ಕಾಗಿ ಹುಟ್ಟಿದ ಎರಡನೇ ಬಗೆಯ ಬೈಕು ಕೊಟ್ಟ ಹಣಕ್ಕೆ ಮೋಸ ಮಾಡದು. ಹೋಗದವರು ಮಾಮೂಲಿ ಮಾದರಿ ಕೊಂಡು ಉಳಿದದ್ದರಲ್ಲಿ ರೇಸಿಂಗ್ ಶಾಲೆ ಸೇರಿ, ಒಳ್ಳೆಯ ಟೈರ್, ಸೂಟ್, ಹೆಲ್ಮೆಟ್ ಕೊಂಡರೆ ಹೆಚ್ಚು ವೇಗವಾಗುತ್ತಾರೆ. ಕೊಳ್ಳುವ ಮುನ್ನ ಶೋರೂಮಿನಲ್ಲಿ ಪೂರ್ತಿ ಬಗ್ಗಿ ಕಾಲು ಗಂಟೆ ಕೂತು ನೋಡಿ. ಮಣಿಕಟ್ಟು, ಸೊಂಟ ಮಿಕ್ಕಿದ್ದನ್ನು ಹೇಳುತ್ತವೆ.

ಹಳೆಯದನ್ನು ಕೊಳ್ಳುವವರಿಗೆ

ಚಾಸಿ ನಂಬರನ್ನು ಆರ್‌ಸಿಯೊಂದಿಗೂ ಕಂಪನಿಯ ಪ್ರಮಾಣಪತ್ರದೊಂದಿಗೂ ತಾಳೆ ನೋಡಿ. ಹೊಸದರಲ್ಲಿ ಜೊತೆಗೆ ಬಂದ ರೇಸ್ ಎಕ್ಸಾಸ್ಟ್, ಸ್ಟ್ಯಾಂಡ್, ಎರಡನೇ ಕೀ, ಬಿಚ್ಚಿಟ್ಟ ಮೂಲ ಭಾಗಗಳು ಎಲ್ಲವೂ ಇವೆಯೇ ಎಣಿಸಿ. ಒಂದು ಕಡಿಮೆಯಾದರೂ ಅದರ ಹೊಸ ಬೆಲೆಯನ್ನು ವ್ಯಾಪಾರದಲ್ಲಿ ಕಳೆಯಿರಿ. ವರ್ಷಗಟ್ಟಲೆ ಓಡಿಸದೆ ನಿಲ್ಲಿಸಿದ್ದಾದರೆ ಟೈರ್, ಬ್ರೇಕ್ ಆಯಿಲ್, ಬ್ಯಾಟರಿ, ಫೋರ್ಕ್ ಸೀಲ್ ಬದಲಿಸುವ ಖರ್ಚನ್ನೂ ಮಾತುಕತೆಗೆ ಮೊದಲೇ ಬರೆದಿಟ್ಟುಕೊಂಡು ಹೋಗಿ.