ಟ್ಯಾಪೆಟ್ ಟೈಟ್ ಮಾಡಿಸುವ ಮುನ್ನ

ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಟಿಕ್ ಟಿಕ್ ಎಂದ ಕೂಡಲೇ ‘ಟ್ಯಾಪೆಟ್ ಟೈಟ್ ಮಾಡ್ಬಿಡಿ’ ಅನ್ನಬೇಡಿ. ಸ್ವಲ್ಪ ಸದ್ದು ಅದಕ್ಕೆ ಸಹಜ. ಟೈಟ್ ಮಾಡಿ ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್ ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ.

ಮೊದಲು ಆಯಿಲ್ ಮಟ್ಟ ನೋಡಿ. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಇಂಥದೇ ಸದ್ದು. ಎಂಜಿನ್ ಕಾದಂತೆ ಈ ಸೋರಿಕೆಯ ಸದ್ದು ಸಾಮಾನ್ಯವಾಗಿ ತಗ್ಗುತ್ತದೆ. ಆಮೇಲೆ ರಾಕರ್ ಕವರ್ ತೆಗೆಸಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ರಾಕರ್ ಮತ್ತು ವಾಲ್ವ್ ನಡುವೆ ಫೀಲರ್ ಗೇಜ್ ತೂರಿಸಲು ಹೇಳಿ. ಎಲ್ಲಿ ಸದ್ದು ಅಡಗಿತೋ ದೋಷ ಅಲ್ಲಿದೆ. ಫ್ಯಾನಿನ ಹತ್ತಿರ ಕೈ ಜೋಪಾನ!

ಇನ್ನೊಂದು ಮಾತು. ರಾಕರ್ ತುದಿ ಸವೆದು ಕುಳಿಬಿದ್ದಿದ್ದರೆ ಗೇಜ್ ಆ ಕುಳಿಯ ಮೇಲೆ ಸೇತುವೆಯಂತೆ ಕೂತು ತಪ್ಪು ಲೆಕ್ಕ ಕೊಡುತ್ತದೆ. ಆಗ ಎಷ್ಟು ಸಲ ಸೆಟ್ ಮಾಡಿಸಿದರೂ ಸದ್ದು ಹೋಗದು, ರಾಕರನ್ನೇ ಬದಲಿಸಿ.