ವೇಗದ ಕಾರಿಗೆ ಮೊದಲು ಬೇಕಾದುದೇನು?

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ತರುಣನೊಬ್ಬ ಒಂದು ಪಟ್ಟಿಯನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದ. ಪದವಿ ತರಗತಿಯ ವಿದ್ಯಾರ್ಥಿ. ಟೊಮೇಟೊ ಬೆಳೆ ಕೈಹಿಡಿದ ವರ್ಷ ಅವನ ತಂದೆ ಒಂದು ಹಳೆಯ ಫೋಕ್ಸ್‌ವ್ಯಾಗನ್ ಪೋಲೊ ಕಾರನ್ನು ಕೊಡಿಸಿದ್ದರು. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿ.ಟಿ. ಟಿ.ಎಸ್.ಐ. ಮಾದರಿ ಅದು, 1,197 ಘನ ಸೆಂಟಿಮೀಟರಿನ ಸಣ್ಣ ಎಂಜಿನ್ನಿನಿಂದ 105 ಅಶ್ವಶಕ್ತಿಯನ್ನು ಹೊರಡಿಸುವಂಥದು. ನಮ್ಮ ದೇಶದಲ್ಲಿ ಪೋಲೊವಿನ ತಯಾರಿಕೆ 2022ರಲ್ಲಿಯೇ ನಿಂತಿತಾದರೂ ಹಳೆಯ ಕಾರುಗಳ ಪೇಟೆಯಲ್ಲಿ ತರುಣರು ಅದನ್ನು ಅರಸುವುದು ನಿಂತಿಲ್ಲ.

ಪಟ್ಟಿಯಲ್ಲಿ ಏನೇನಿತ್ತು? ಎಂಜಿನ್ನಿನ ಕಂಪ್ಯೂಟರಿನಲ್ಲಿ ಹೊಸ ಲೆಕ್ಕವನ್ನು ತುಂಬಿಸುವುದು, ಸದ್ದು ಮಾಡುವ ಸೈಲೆನ್ಸರು, ಬಾಯಿ ತೆರೆದ ಏರ್ ಫಿಲ್ಟರು, ದೊಡ್ಡ ಚಕ್ರಗಳು, ಸ್ಪ್ರಿಂಗುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವುದು. ಬ್ರೇಕು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಕೊಳವೆಬಾವಿಯ ಊರಿನವನಾದ್ದರಿಂದ ಅವನಿಗೆ ಹೀಗೆ ಹೇಳಿದೆವು: ಹೆಚ್ಚು ಅಶ್ವಶಕ್ತಿಯ ಪಂಪನ್ನು ಇಳಿಸಿ, ಕೇಬಲ್ಲು, ಸ್ಟಾರ್ಟರು, ಪೈಪು ಎಲ್ಲವನ್ನೂ ಹಳೆಯದೇ ಬಿಟ್ಟರೆ ಏನಾಗುತ್ತದೆ? ಅವನು ನಕ್ಕ. ಮೋಟಾರು ಸುಟ್ಟದ್ದನ್ನು ನೋಡದ ರೈತನ ಮನೆ ಕೋಲಾರದ ಸೀಮೆಯಲ್ಲಿ ಇರಲಾರದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಪ್ರೌಢಶಾಲೆಯ ವಾಚಕರೂ ಬಲ್ಲರು. ಒಣ ರಸ್ತೆಯ ಮೇಲೆ, ಒಳ್ಳೆಯ ಟಯರುಗಳಿರುವ ಕಾರಿನ ಬ್ರೇಕನ್ನು ಬಲವಾಗಿ ಒತ್ತಿದಾಗ ಪ್ರತಿ ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 7 ಮೀಟರಿನಂತೆ ಇಳಿಯುತ್ತದೆಂದು ಇಟ್ಟುಕೊಳ್ಳೋಣ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿಯಲಿ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 22 ಮೀಟರನ್ನೂ ಬ್ರೇಕು ಹಿಡಿದ ಮೇಲೆ 35 ಮೀಟರನ್ನೂ ಕ್ರಮಿಸಿ, ಹೆಚ್ಚು ಕಡಮೆ 57 ಮೀಟರಿನಲ್ಲಿ ನಿಲ್ಲುತ್ತದೆ. 100ರ ವೇಗದ ಕಾರಿಗೆ 83 ಮೀಟರು ಬೇಕು.

ಇಪ್ಪತ್ತಾರು ಮೀಟರಿನ ವ್ಯತ್ಯಾಸವಷ್ಟೇ ಅಲ್ಲವೇ ಎಂದು ತರುಣ ಕೇಳಿದ. ಪ್ರಶ್ನೆಯನ್ನು ತಿರುಗಿಸಿ ನೋಡಬೇಕು. ಎರಡು ಕಾರುಗಳೂ ಅಕ್ಕಪಕ್ಕದಲ್ಲಿ ಹೋಗುತ್ತಿವೆ. ದೀಪವಿಲ್ಲದ ಟ್ರಾಕ್ಟರೊಂದು ಅಡ್ಡರಸ್ತೆಯಿಂದ ಹೆದ್ದಾರಿಗೆ ಇಳಿದುದನ್ನು ಇಬ್ಬರೂ ಒಂದೇ ಕ್ಷಣದಲ್ಲಿ ಕಂಡರು. ಮೊದಲನೆಯ ಕಾರು ಟ್ರಾಕ್ಟರಿಗೆ ತಾಗದಂತೆ ನಿಂತುಬಿಟ್ಟಿತು. ಅದೇ ಜಾಗವನ್ನು ತಲುಪಿದಾಗ ಎರಡನೆಯ ಕಾರಿನ ವೇಗವೆಷ್ಟು? ಇಪ್ಪತ್ತು ಎಂದು ಬಹುಮಂದಿ ಹೇಳುತ್ತಾರೆ. ಲೆಕ್ಕ ಹಾಕಿದರೆ ಗಂಟೆಗೆ 68 ಕಿಲೋಮೀಟರು! ವಾಚಕರು ಕಾಗದದ ಮೇಲೆ ತಾವೇ ಮಾಡಿ ನೋಡಲಿ. ತರುಣ ಎರಡು ಸಲ ಮಾಡಿದ.

ಬ್ರೇಕು ಚಲನಶಕ್ತಿಯನ್ನು ನಾಶಮಾಡುವುದಿಲ್ಲ, ಶಾಖವಾಗಿ ಬದಲಿಸುತ್ತದೆ. ಸವಾರನೊಡನೆ 1,200 ಕಿಲೋಗ್ರಾಂ ತೂಗುವ ಕಾರನ್ನು 100ರ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಿಂದ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ನಂದಿಬೆಟ್ಟದ ತಿರುವುಗಳಲ್ಲಿ ಇಳಿಯುತ್ತ ಬ್ರೇಕನ್ನು ಮತ್ತೆ ಮತ್ತೆ ಒತ್ತಿದಾಗ ಈ ಶಾಖ ಹೊರಗೆ ಹೋಗಲು ವ್ಯವಧಾನವಿಲ್ಲದೆ ಬ್ರೇಕಿನ ದ್ರವಕ್ಕೂ ಏರುತ್ತದೆ. ಡಾಟ್-4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಕೂಡದೆಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಹೀರಿದ ದ್ರವಕ್ಕೆ ಇಟ್ಟ ಮಿತಿ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆಯಾಗಿ, ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಹೊಸ ದ್ರವದ ಬೆಲೆ ಸೈಲೆನ್ಸರಿನ ಬೆಲೆಯ ಒಂದು ಚೂರೂ ಅಲ್ಲ.

ಪಟ್ಟಿಯ ಉಳಿದ ಬಾಬುಗಳನ್ನು ಬೇಗ ನೋಡಿಬಿಡೋಣ. ಬಾಯಿ ತೆರೆದ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನು ಎಳೆಯುತ್ತದೆ. 30 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ನೂರಕ್ಕೆ ಒಂಬತ್ತರಷ್ಟು ವಿರಳ. ಹೆಚ್ಚುವುದು ಸದ್ದೇ ಹೊರತು ಶಕ್ತಿಯಲ್ಲ. ಸ್ಪ್ರಿಂಗಿನ ಸುರುಳಿಗಳನ್ನು ಕತ್ತರಿಸಿದರೆ ಅದು ಗಡುಸಾಗುತ್ತದೆ, ಆಡುವ ಅವಕಾಶವೂ ಕಡಮೆಯಾಗುತ್ತದೆ. ಹಳ್ಳಿಯ ರಸ್ತೆಯುಬ್ಬಿನ ಮೇಲೆ ಚಕ್ರ ನೆಲವನ್ನು ಬಿಟ್ಟು ಹಾರಿದರೆ ಆ ಗಳಿಗೆಯಲ್ಲಿ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಭಾರವಾದ ದೊಡ್ಡ ಚಕ್ರಗಳನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಶ್ರಮ.

ಕಂಪ್ಯೂಟರಿನ ಲೆಕ್ಕವನ್ನು ಬದಲಿಸಿದರೆ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆ. ಟರ್ಬೊ ಯಂತ್ರ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುರುಕುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲು ಸೇರುತ್ತದೆ. ಒತ್ತಡವೂ ಶಾಖವೂ ಮಿತಿಮೀರಿದರೆ ಮಿಶ್ರಣ ತಾನೇ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ಇನ್ನೊಂದು ಸಂಗತಿಯುಂಟು. ಈ ಕಾರಿನ ಎಂಜಿನ್ನಿನ ಟಾರ್ಕ್, ಎಂದರೆ ತಿರುಗುಬಲ, 175 ನ್ಯೂಟನ್-ಮೀಟರು. ಅದನ್ನು ಚಕ್ರಕ್ಕೆ ಸಾಗಿಸುವ ಏಳು ಗೇರುಗಳ ಒಣಕ್ಲಚ್ಚಿನ ಪೆಟ್ಟಿಗೆ ತಾಳಬಲ್ಲದ್ದು 250. ನಡುವಣ ಅಂತರ ತಯಾರಕರು ಮರೆತು ಬಿಟ್ಟದ್ದಲ್ಲ, ಕ್ಲಚ್ಚಿನ ಆಯುಸ್ಸಿಗೆಂದು ಬಿಟ್ಟದ್ದು.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಬ್ರೇಕಿನ ದ್ರವ, ಒಳ್ಳೆಯ ಪ್ಯಾಡು, ತಯಾರಕರು ಹೇಳಿದ ಅಳತೆಯ ಉತ್ತಮ ಟಯರು ಇವಕ್ಕೆ ಯಾವ ಅಡ್ಡಿಯೂ ಇಲ್ಲ. ವೇಗದ ಹಂಬಲವನ್ನು ತೀರಿಸಿಕೊಳ್ಳಲು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿನ ಪಥವಿದೆ. ಅಲ್ಲಿ ಎದುರಿನಿಂದ ಎತ್ತಿನ ಗಾಡಿ ಬರುವುದಿಲ್ಲ.

ಕೊನೆಗೆ ತರುಣನನ್ನು ಹೊರಗೆ ಕರೆದೊಯ್ದು ಟಯರಿನ ಪಕ್ಕೆಯನ್ನು ತೋರಿಸಿದೆವು. ಅಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ: ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಅವನು ಮಂಡಿಯೂರಿ ಧೂಳನ್ನು ಒರಸಿ ಓದಿದ: 2316. ಎಂದರೆ 2016ನೆಯ ಇಸವಿಯ ಇಪ್ಪತ್ತಮೂರನೆಯ ವಾರ. ಎದ್ದು ಹೋಗಿ ಉಳಿದ ಮೂರನ್ನೂ ನೋಡಿ ಬಂದ. ಆಮೇಲೆ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ನಾಲ್ಕು ಹೊಸ ಟಯರುಗಳಿಗೆ ಎಷ್ಟಾದೀತು ಎಂದು ಕೇಳಿದ.