ಮೆಚ್ಚುಗೆಯ ಇಂಗ್ಲಿಷ್ ಕಲಿಸಲು ಹೋಗಿ

ಊರು ಕಾಸರಗೋಡು, ಮನೆಮಾತು ಹವ್ಯಕ ಕನ್ನಡ, ಹೊಟ್ಟೆಪಾಡು ಇಂಗ್ಲಿಷ್. ತಿರುವನಂತಪುರದಲ್ಲಿ 1990ರಲ್ಲಿ ಶುರುವಾದ ಐಟಿ ಕೇಂದ್ರ ಟೆಕ್ನೋಪಾರ್ಕಿನ ಹೊಸ ನೌಕರರಿಗೂ ಕೊಚ್ಚಿಯಿಂದ ವಿದೇಶಕ್ಕೆ ಹೊರಟ ನರ್ಸುಗಳಿಗೂ ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ವ್ಯಾಕರಣ ತಿದ್ದುವುದು ಸುಲಭ. ಹೊಗಳುವುದನ್ನು ಕಲಿಸುವಾಗಲೇ ನನಗೆ ಬೆವರು ಬಂದದ್ದು.

1. ನಮ್ಮ ಕಡೆ ಹೊಗಳಿಕೆ 'ಇಲ್ಲ' ಎಂದೇ ಮುಗಿಯುತ್ತದೆ. ಪಾಯಸ ಎರಡನೇ ಸಲ ಬಡಿಸಿಕೊಂಡು ಅಪ್ಪ 'ಅಡ್ಡಿಯಿಲ್ಲೆ' ಅಂದರೆ ಅಮ್ಮನಿಗೆ ಅದೇ ಬಿರುದು. ಬೆಂಗಳೂರಿನವರದ್ದು 'ಪರವಾಗಿಲ್ಲ', ಮಲಯಾಳಿಗಳದ್ದು 'ಕುಳಪ್ಪಮಿಲ್ಲ'. ಮೂರನ್ನೂ ಇಂಗ್ಲಿಷಿಗೆ ತಂದರೆ 'ನಾಟ್ ಬ್ಯಾಡ್'. ಬ್ರಿಟಿಷರ ಬಾಯಲ್ಲಿ, ದನಿ ಸರಿಯಾಗಿದ್ದರೆ, ಅದು ಭೇಷ್ ಅಂದಂತೆಯೇ. ಆದರೆ ನನ್ನ ಶಿಷ್ಯನೊಬ್ಬ ಅಮೆರಿಕದ ಸಹೋದ್ಯೋಗಿಯ ಕೋಡ್ ಓದಿ, ಪ್ರೀತಿಯಿಂದಲೇ 'ನಾಟ್ ಬ್ಯಾಡ್' ಎಂದು ಬರೆದ. ಎಲ್ಲಿ ತಪ್ಪಾಗಿದೆ ತಿಳಿಸಿ ಎಂದು ತಿರುಗಿ ಮೇಲ್ ಬಂತು.

2. 'ಕ್ವೈಟ್ ಗುಡ್' ಎಂದರೆ ಅಮೆರಿಕದವರಿಗೆ ಬಹಳ ಚೆನ್ನಾಗಿದೆ, ಇಂಗ್ಲೆಂಡಿನವರಿಗೆ ಬಹುಮಟ್ಟಿಗೆ ಸುಮಾರು. ಹೇಳಿದವರ ಊರು ಕೇಳಿಕೊಂಡು ಖುಷಿಪಡಿ.

3. ವಿದೇಶದಲ್ಲಿ ಆರೋಗ್ಯ ಸೇವೆಗೆ ಹೋಗುವವರ ಇಂಗ್ಲಿಷ್ ಪರೀಕ್ಷೆಯಾದ ಓಇಟಿಯಲ್ಲಿ ನರ್ಸುಗಳು ರೋಗಿಯ ಪಾತ್ರಧಾರಿಯ ಜೊತೆ ಐದೈದು ನಿಮಿಷದ ಎರಡು ಸಂಭಾಷಣೆ ನಡೆಸಬೇಕು. ತರಗತಿಯಲ್ಲಿ ರೋಗಿ ನಾನೇ. ಒಂದು ದಿನ ಮೊಣಕಾಲಿನ ಆಪರೇಷನ್ ಆದ ಮುದುಕನಾಗಿ ಕುರ್ಚಿ ಹಿಡಿದು ಎದ್ದು ನಿಂತೆ. ಎದುರಿದ್ದ ಹುಡುಗಿ ಕೈತಟ್ಟಿ 'ಗುಡ್ ಬಾಯ್!' ಅಂದಳು. ಐವತ್ತು ದಾಟಿದ ನನಗೆ! ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳ ತಲೆಯಲ್ಲಿದ್ದದ್ದು ಮಲಯಾಳದ 'ಮಿಡುಕ್ಕನ್', ಜಾಣ ಅನ್ನುವ ಅಕ್ಕರೆಯ ಮಾತು. ಇಂಗ್ಲಿಷಿಗೆ ಬರುವಷ್ಟರಲ್ಲಿ ಅಕ್ಕರೆ ಸೋರಿ, ಹಿರಿಯರನ್ನು ಮಗು ಮಾಡಿದ್ದಷ್ಟೇ ಉಳಿಯಿತು. ಅಂದಿನಿಂದ ಒಂದು ರೂಢಿ ಹಾಕಿದ್ದೇನೆ: ಆಳನ್ನು ಬಿಟ್ಟು ಕೆಲಸವನ್ನು ಹೊಗಳಿ. ನಿನ್ನೆ ಮಂಚದ ಪಕ್ಕ ನಿಂತಿರಿ, ಇವತ್ತು ಬಾಗಿಲವರೆಗೆ ನಡೆದಿರಿ ಎಂದು ಕಂಡದ್ದನ್ನು ಹೇಳಿ, ಆಮೇಲೆ 'ಯು ಆರ್ ಡೂಯಿಂಗ್ ರಿಯಲಿ ವೆಲ್'. ಮೊದಲ ಮಾತಿಲ್ಲದೆ ಎರಡನೆಯದು ಬರೀ ಉಪಚಾರ.

4. 'ನೈಸ್ ಟ್ರೈ' ಅಂದರೆ ಸೋತೆ ಎಂದೇ ಲೆಕ್ಕ. 'ಗುಡ್ ಫಾರ್ ಯು' ಅನ್ನುವಾಗ ದನಿ ಸ್ವಲ್ಪ ತಪ್ಪಿದರೂ ಕುಹಕ. ಹೊಸಬರಿಗೆ ಎರಡೂ ಬೇಡ.

5. ಕೊಚ್ಚಿಯ ಹುಡುಗರು ಮೆಚ್ಚಿದರೆ ಏನನ್ನಾದರೂ ಹಾಳು ಮಾಡಲೇಬೇಕು. 'ಪೊಳಿಚ್ಚು' ಎಂದರೆ ಒಡೆದುಹಾಕಿದೆ, 'ತಗರ್ತು' ಎಂದರೆ ಪುಡಿಗಟ್ಟಿದೆ, 'ಕಲಕ್ಕಿ' ಎಂದರೆ ಕಲಕಿಬಿಟ್ಟೆ. ಹಾಗಾಗಿ 'ಸ್ಮ್ಯಾಶ್ಡ್ ಇಟ್', 'ಕಿಲ್ಡ್ ಇಟ್' ಅವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಎರಡನೆಯದನ್ನು ಆಸ್ಪತ್ರೆಯಲ್ಲಿ ಮಾತ್ರ ಬಳಸಬೇಡಿ ಎಂದು ನರ್ಸುಗಳಿಗೆ ಕೈಮುಗಿದು ಕೇಳಿಕೊಂಡಿದ್ದೇನೆ.

6. ತಿರುವನಂತಪುರದ ಕೋಟೆಯೊಳಗೆ, ಪದ್ಮನಾಭಸ್ವಾಮಿ ದೇವಸ್ಥಾನದ ಹತ್ತಿರ, ನವರಾತ್ರಿ ಮಂಟಪವಿದೆ. ಅಲ್ಲಿ ನವರಾತ್ರಿಯ ಒಂಬತ್ತು ಸಂಜೆ, ರಾಜನೂ ವಾಗ್ಗೇಯಕಾರನೂ ಆಗಿದ್ದ ಸ್ವಾತಿ ತಿರುನಾಳರ ಕೃತಿಗಳ ಕಛೇರಿ. ಎಂಥ ವಿದ್ವಾಂಸರೇ ಹಾಡಲಿ, ಚಪ್ಪಾಳೆ ತಟ್ಟುವಂತಿಲ್ಲ. ಕೇಳುವವರು ತೊಡೆಯ ಮೇಲೆ ತಾಳ ಹಾಕುತ್ತಾರೆ, ತಲೆದೂಗುತ್ತಾರೆ, ಹಾಡುವವರಿಗೆ ಅಷ್ಟು ಸಾಕು. ನನ್ನ ಟೆಕ್ನೋಪಾರ್ಕ್ ಶಿಷ್ಯರೂ ಹೀಗೆಯೇ ಮೆಚ್ಚುತ್ತಾರೆ, ತಲೆದೂಗಿ. ಕ್ಯಾಮೆರಾ ಆಫ್ ಆಗಿರುವ ಕರೆಯಲ್ಲಿ ಆ ತಲೆದೂಗು ಯಾರಿಗೆ ಕಾಣಬೇಕು? ಅತ್ತ ಕಡೆಯವರು 'ಹಲೋ, ಕೇಳಿಸ್ತಿದೆಯಾ?' ಅನ್ನುತ್ತಾರೆ.